ಇಪ್ಪತ್ತೆರಡನೆಯ ಜೋಡಿಯಲ್ಲಿ ಕಾಣೆಯಾದ ಚೂರು

ನಾವಿರುವ ಊರಿನಲ್ಲಿ ಪ್ರತಿ ಸಂಜೆ ಐದು ಗಂಟೆಗೆ ಕಂಬದ ಮೇಲಿನ ಧ್ವನಿವರ್ಧಕಗಳು ಒಂದು ರಾಗ ನುಡಿಸುತ್ತವೆ, ಆಡುತ್ತಿರುವ ಮಕ್ಕಳು ಮನೆಗೆ ಹೋಗಲಿ ಎಂದು. ಜಪಾನಿನ ನಗೋಯಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಕಾರಿನ ಬಿಡಿಭಾಗಗಳ ಕಾರ್ಖಾನೆಗಳೇ ತುಂಬಿರುವ ಊರು. ಕೆಲವೊಮ್ಮೆ ರಾಗದ ನಂತರ ಪ್ರಕಟಣೆಯೂ ಇರುತ್ತದೆ. ಇಂಥ ಬೀದಿಯ ಹಿರಿಯರೊಬ್ಬರು ಮನೆಯಿಂದ ಹೊರಟವರು ಮರಳಿಲ್ಲ, ಬೂದು ಸ್ವೆಟರ್ ತೊಟ್ಟಿದ್ದಾರೆ, ಕಂಡವರು ದಯವಿಟ್ಟು ತಿಳಿಸಿ. ಒಂದು ಕಂಬದ ದನಿ ಮುಗಿಯುವ ಮೊದಲೇ ದೂರದ ಇನ್ನೊಂದರದು ಬಂದು ಸೇರುವುದರಿಂದ ಮಾತು ಪೂರ್ತಿ ಅರ್ಥವಾಗುವುದಿಲ್ಲ. ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ. ಈಗ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕಳೆದ ವರ್ಷ ಏಪ್ರಿಲ್‌ನ ಒಂದು ಸಂಜೆ ನನ್ನ ಮಗಳು ಇಂಚರ ಅಡುಗೆಮನೆಯ ಕಿಟಕಿ ಮುಚ್ಚಿ ನನ್ನತ್ತ ತಿರುಗಿದಳು. "ಅಪ್ಪಾ, ದೇ ಆರ್ ಸೇಯಿಂಗ್ ಮೈ ನೇಮ್," ಎಂದಳು.

ನಾನು ನಕ್ಕೆ. ಕಳೆದುಹೋದ ಯಾವುದೋ ಅಜ್ಜಿಯ ಹೆಸರು ಕಣೇ ಅದು ಎಂದೆ. ಮಾರನೆಯ ಸಂಜೆ ರಾಗ ಮುಗಿದ ಮೇಲೆ ಮತ್ತೆ ಬಂದಳು. ಬೆಳಿಗ್ಗೆ ತಾನು ತಿಂಡಿ ಬಿಟ್ಟಿದ್ದನ್ನೂ ಅವರು ಊರಿಗೆಲ್ಲ ಹೇಳಿದರಂತೆ.

ಅಂದು ಪ್ರಕಟಣೆಯೇ ಇರಲಿಲ್ಲ.

ಇಂಚರಳಿಗೆ ಆಗ ಹತ್ತೊಂಬತ್ತು. ಕೇಕು, ಬ್ರೆಡ್ಡು ಮಾಡಲು ಕಲಿಸುವ ಎರಡು ವರ್ಷದ ಕಾಲೇಜಿನಲ್ಲಿದ್ದಳು. ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ, ಆದರೆ ಹಿಟ್ಟಿನ ಹದ ಮಾತ್ರ ಬೆರಳಿಗೇ ಗೊತ್ತಾಗುತ್ತಿತ್ತು. ಮೇ ತಿಂಗಳ ರಜೆ ಮುಗಿಯುವ ಹೊತ್ತಿಗೆ ಕಾಲೇಜು ನಿಂತಿತು. ರೈಲು ನಿಲ್ದಾಣದ ಧ್ವನಿವರ್ಧಕವೂ ಅವಳ ಸುದ್ದಿ ಹೇಳತೊಡಗಿತ್ತು. ಸ್ನಾನ ನಿಂತಿತು. ಬಚ್ಚಲಿನ ಗಾಳಿಕಿಂಡಿಗೆ ಟೇಪು ಅಂಟಿಸಿದಳು. ನನ್ನ ಹೆಂಡತಿ ಪದ್ಮಿನಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲು ಹೋದಳು. ನಮ್ಮದು ಕರೆಂಟಿನ ಒಲೆ, ಬೆಂಕಿಯೇ ಇಲ್ಲ. ಕೊನೆಗೆ ಬಾಲ್ಕನಿಯಲ್ಲಿ ಹಳೆಯ ಬಾಣಲೆಯಲ್ಲಿ ಕಾಗದ ಉರಿಸಿ ಅದರ ಮೇಲೆ ಸುರಿದಳು. ಪಕ್ಕದ ಮನೆಯವರು ಕೆಮ್ಮಿ ಕಿಟಕಿ ಹಾಕಿಕೊಂಡರು. ನಾನು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಗೋಡೆಗೆ ಕೈಮುಗಿದೆ.

ನಗು ಬರುತ್ತದೆ ಈಗ ಬರೆಯುವಾಗ. ಆಗ ಬಂದಿರಲಿಲ್ಲ.

ರೈಲು ನಿಲ್ದಾಣದ ಬಳಿಯ ಮನೋವೈದ್ಯರ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಮೂರು ಸಲ ಭೇಟಿಯಾದ ಮೇಲೆ ವಯಸ್ಸಾದ ಡಾಕ್ಟರು ಹೆಸರು ಹೇಳಿದರು. ಜಪಾನಿನಲ್ಲಿ ಈ ಕಾಯಿಲೆಗೆ ಹಿಂದೆ ಇದ್ದ ಹೆಸರು ಮನಸ್ಸು ಸೀಳಿದೆ ಎಂಬ ಅರ್ಥದ್ದಂತೆ. ಅದನ್ನು ಕೇಳಿಯೇ ಜನ ಹೆದರುತ್ತಿದ್ದರೆಂದು ಹೆಸರು ಬದಲಾಯಿಸಿದ್ದಾರೆ. ಈಗಿನ ಹೆಸರಿಗೆ ಕೂಡಿಸುವ ಹದ ತಪ್ಪಿದೆ ಎಂದರ್ಥ. ಎಷ್ಟು ನಯವಾಗಿ ಹೇಳಿದರೂ ಅದು ಸ್ಕಿಜೋಫ್ರೇನಿಯಾ. ಪದ್ಮಿ ಇವತ್ತಿಗೂ ಆ ಹೆಸರನ್ನು ಎರಡು ಭಾಷೆಯಲ್ಲೂ ಬಾಯಿಬಿಟ್ಟು ಹೇಳಿಲ್ಲ. "ಅವಳ ತೊಂದರೆ" ಎನ್ನುತ್ತಾಳೆ.

ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ನಾನು ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿಯ ಕ್ವಾಲಿಟಿ ವಿಭಾಗದವನು. ಒಂದು ಭಾಗ ಕೆಟ್ಟರೆ ಯಾಕೆ ಎಂದು ಕೇಳುತ್ತೇವೆ, ಬಂದ ಉತ್ತರಕ್ಕೆ ಮತ್ತೆ ಯಾಕೆ ಎನ್ನುತ್ತೇವೆ, ಹೀಗೆ ಐದು ಸಲ. ಅದಕ್ಕೆ ನಮ್ಮಲ್ಲಿ ನಜೆ-ನಜೆ ಎನ್ನುತ್ತಾರೆ, ಯಾಕೆ-ಯಾಕೆ ಎಂದರ್ಥ. ಒಂದೇ ನಿಯಮ: ಉತ್ತರ ಒಬ್ಬ ಮನುಷ್ಯನ ಹೆಸರಿನಲ್ಲಿ ಬಂದು ನಿಲ್ಲಬಾರದು. ನಾನು ಮನೆಯಲ್ಲಿ, ರೈಲಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ಅದನ್ನೇ ಮಾಡುತ್ತಿದ್ದೆ. ಯಾಕೆ ಕಾಯಿಲೆ ಬಂತು? ಒಂಟಿಯಾಗಿದ್ದಳು. ಯಾಕೆ ಒಂಟಿ? ಈ ದೇಶದಲ್ಲಿ ಬೆಳೆದಳು. ಯಾಕೆ ಈ ದೇಶ? ನಾನು ಬಂದೆ. ಪ್ರತಿ ಸಲವೂ ಗಾಡಿ ಬಂದು ನಿಲ್ಲುವುದು ನನ್ನ ಹೆಸರಿನಲ್ಲೇ. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಮನೆಯಲ್ಲಿ ಎಷ್ಟು ಓಡಾಡುತ್ತಿದ್ದೆನೆಂದರೆ ಕೆಳಗಿನ ಮನೆಯವರಿಗೆ ಸದ್ದಾಗುತ್ತದೆ, ಹೊರಗೆ ಹೋಗಿ ಓಡಾಡು ಎಂದು ಪದ್ಮಿ ನನ್ನನ್ನು ಕಳಿಸುತ್ತಿದ್ದಳು.

ಮಾತ್ರೆ ಶುರುವಾಯಿತು. ಕಂಬದ ದನಿಗಳು ಸ್ವಲ್ಪ ದೂರ ಸರಿದವು. ಇಂಚರ ದಿನವೆಲ್ಲ ನಿದ್ದೆ ಮಾಡುತ್ತಿದ್ದಳು. ಬಾಯಿಯ ಸುತ್ತ ಜುಮುಗುಡುತ್ತದೆ ಎಂದಾಗ ಮಾತ್ರೆಯಿಂದ ಇರಬೇಕು ಎಂದುಕೊಂಡೆವು. ಜುಲೈ ತಿಂಗಳ ಒಂದು ಬೆಳಿಗ್ಗೆ, ಅಪರೂಪಕ್ಕೆ ತಾನಾಗಿಯೇ ಎದ್ದು ಬಂದು, ಅಮ್ಮನ ಪಕ್ಕ ನಿಂತು ಚಪಾತಿ ಹಿಟ್ಟು ನಾದುತ್ತಿದ್ದಳು. ಅವಳ ಕೈ ನಿಂತಿತು. ಬೆರಳುಗಳೆಲ್ಲ ಒಟ್ಟು ಸೇರಿ ಸೆಟೆದುಕೊಂಡವು.

"ಅಮ್ಮಾ, ಬೆರಳು ಬಿಡ್ತಿಲ್ಲ," ಎಂದಳು.

ಮರುಕ್ಷಣ ನೆಲದ ಮೇಲಿದ್ದಳು. ಮೈ ಅದುರುತ್ತಿತ್ತು.

ಆಂಬ್ಯುಲೆನ್ಸ್ ಬಂತು. ಬಂದವರು ಆ ಗಡಿಬಿಡಿಯಲ್ಲೂ ಬಾಗಿಲಲ್ಲಿ ಬೂಟಿನ ಮೇಲೆ ಕವರು ಹಾಕಿಕೊಂಡೇ ಒಳಗೆ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್ ಮಾಡಿದಾಗ ಕ್ಯಾಲ್ಸಿಯಂ ತೀರಾ ಕಡಿಮೆ. ಡ್ರಿಪ್ ಹಾಕಿದರು. ಫಿಟ್ಸ್ ನಿಂತಿತು. ಮಾರನೆಯ ದಿನ ಅಲ್ಲಿನ ಮನೋವೈದ್ಯೆ ವಾರ್ಡಿಗೆ ಬಂದರು. ಐವತ್ತರ ಸುಮಾರಿನ, ಚುರುಕು ನಡಿಗೆಯ ಹೆಂಗಸು. ರಿಪೋರ್ಟಿಗಿಂತ ಹೆಚ್ಚಾಗಿ ಇಂಚರಳನ್ನೇ ನೋಡಿದರು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಅಂಗುಳ ನೋಡಿದರು. ಕಿವಿಯ ಆಕಾರ ನೋಡಿದರು. ದನಿ ಮೊದಲಿನಿಂದಲೂ ಮೂಗಿನಲ್ಲೇ ಬರುತ್ತದೆಯೇ? ಹೌದು, ನಮ್ಮ ತಂದೆಯ ದನಿ ಎಂದು ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಕಿವಿ ಸೋರುತ್ತಿತ್ತೇ? ಹೌದು. ಮಾತು ತಡವಾಗಿ ಬಂತೇ? ಹೌದು. ಎದೆಯ ಮೇಲಿನ ಈ ಗುರುತು? ಹುಟ್ಟಿದಾಗ ಹೃದಯದಲ್ಲಿ ರಂಧ್ರವಿತ್ತು, ಬೆಂಗಳೂರಿನಲ್ಲಿ ಆಪರೇಷನ್ ಆಯಿತು.

ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳು. ಎಲ್ಲದಕ್ಕೂ ಉತ್ತರ ಹೌದು. ಬೇರೆ ಬೇರೆ ಊರಿಂದ ಬೇರೆ ಬೇರೆ ದೂರು ಬಂದು, ಎಲ್ಲ ಭಾಗಗಳೂ ಒಂದೇ ಲಾಟಿನವು, ಒಟ್ಟಿಗೇ ತಯಾರಾದವು ಎಂದು ಗೊತ್ತಾದರೆ ನಾವು ದೂರುಗಳನ್ನು ಬಿಟ್ಟು ಆ ಲಾಟನ್ನು ತೆಗೆದು ನೋಡುತ್ತೇವೆ. ಈ ಡಾಕ್ಟರಮ್ಮ ಅದನ್ನೇ ಮಾಡುತ್ತಿದ್ದಾರೆ ಎನ್ನಿಸಿತು.

ಅವರು ವಂಶವಾಹಿ ಪರೀಕ್ಷೆಯ ಮಾತೆತ್ತಿದರು. ಇಪ್ಪತ್ತೆರಡನೆಯ ಜೋಡಿ ಕ್ರೋಮೋಸೋಮಿನಲ್ಲಿ ಒಂದು ಚೂರು ಇಲ್ಲದೇ ಹುಟ್ಟುವವರಿದ್ದಾರೆ. ಅಂಥವರಲ್ಲಿ ಹೃದಯ, ಅಂಗುಳ, ಕ್ಯಾಲ್ಸಿಯಂ ಇವೆಲ್ಲದರ ತೊಂದರೆ ಕಾಣುತ್ತದೆ. ಕೆಲವರಿಗೆ ದೊಡ್ಡವರಾದ ಮೇಲೆ ಈ ಕಾಯಿಲೆಯೂ ಬರುತ್ತದೆ. ನಾನು ಆತುರಪಟ್ಟು, ಹಾಗಾದರೆ ಸ್ಕಿಜೋಫ್ರೇನಿಯಾ ಹೌದೋ ಅಲ್ಲವೋ ರಕ್ತದಲ್ಲೇ ತಿಳಿಯುತ್ತದಲ್ಲ ಎಂದೆ. ಇಲ್ಲ ಎಂದರು. ಅದು ಇವಳ ಮಾತು ಕೇಳಿ, ಇವಳನ್ನು ನೋಡಿ ತಿಳಿದದ್ದು, ಅದು ಬದಲಾಗುವುದಿಲ್ಲ. ಈ ಪರೀಕ್ಷೆ ಕಾಯಿಲೆಯ ಹೆಸರಿಗಲ್ಲ, ಅದರ ಬುಡಕ್ಕೆ. ಬುಡ ಇದೇ ಆಗಿದ್ದರೆ ಮಾತ್ರೆಯ ಪ್ರಮಾಣ, ಕ್ಯಾಲ್ಸಿಯಂ, ಹೃದಯ, ಎಲ್ಲವನ್ನೂ ಬೇರೆಯೇ ರೀತಿಯಲ್ಲಿ ನೋಡಿಕೊಳ್ಳಬೇಕಾಗುತ್ತದೆ ಎಂದರು.

ನನ್ನ ಮಟ್ಟಿಗೆ ಅದು ಬುಡ ಸಿಗುವ ಮಾತು. ಆವತ್ತೇ ರಕ್ತ ತೆಗೆಯಲಿ ಎಂದು ಕುಣಿದೆ. ಮೊದಲು ಕೌನ್ಸೆಲಿಂಗ್ ಆಗಬೇಕು ಎಂದು ಡಾಕ್ಟರಮ್ಮ ನನ್ನನ್ನು ಕೂರಿಸಿದರು.

ಕೌನ್ಸೆಲರ್ ಹಯಾಷಿ ಸಾನ್, ಎಂದರೆ ಹಯಾಷಿಯವರು, ಮೆಲುದನಿಯ ಹೆಂಗಸು. ದುಂಡು ಮೇಜು, ಟಿಷ್ಯೂ ಡಬ್ಬ, ಒಂದು ಬಿಳಿ ಹಾಳೆ, ಪೆನ್ಸಿಲ್ಲು, ರಬ್ಬರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ನಮ್ಮ ಮನೆತನದ ನಕ್ಷೆ ಹಾಕತೊಡಗಿದರು. ಒಂದು ಚೌಕ, ನಾನು. ಪಕ್ಕದಲ್ಲಿ ಒಂದು ವೃತ್ತ, ಪದ್ಮಿ. ಕೆಳಗೆ ಇಂಚರ. ಗಂಡ ಹೆಂಡತಿಯ ನಡುವೆ ಮದುವೆಗೆ ಮೊದಲು ರಕ್ತಸಂಬಂಧ ಏನಾದರೂ ಇತ್ತೇ ಎಂದು ಕೇಳಿದರು.

ಇಲ್ಲ, ಇಲ್ಲ ಎಂದೆ. ಬೇರೆ ಬೇರೆ ವಂಶ ಎಂದೂ ಸೇರಿಸಿದೆ.

ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿನಿಂದ ನನಗೆ ಕಲಿಸಿದ್ದೇ ಅದು. ಹೆಣ್ಣು ಮದುವೆಯಾದರೆ ಗೋತ್ರ ಬದಲಾಗುತ್ತದೆ, ಅವಳ ಮಕ್ಕಳು ಹುಟ್ಟುವುದೇ ಇನ್ನೊಂದು ಗೋತ್ರದಲ್ಲಿ. ಬೇರೆ ಗೋತ್ರ ಎಂದ ಮೇಲೆ ಬೇರೆ ವಂಶ. ಅಷ್ಟು ಜನ ಹಿರಿಯರು, ಪುರೋಹಿತರು ಕೂತು ಒಪ್ಪಿದ ಮಾತು. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಹಯಾಷಿ ಸಾನ್ ತಲೆಬಾಗಿಸಿ ಮುಂದಿನ ಪ್ರಶ್ನೆಗೆ ಹೋದರು. ಒಡಹುಟ್ಟಿದವರು? ಒಬ್ಬಳು ಅಕ್ಕ, ತುಮಕೂರಿನಲ್ಲಿದ್ದಾಳೆ. ಒಂದು ವೃತ್ತ ಬರೆದರು. ಅಕ್ಕನಿಗೆ ಮಕ್ಕಳು? ಒಬ್ಬಳೇ ಮಗಳು. ಅದರ ಕೆಳಗೆ ಇನ್ನೊಂದು ವೃತ್ತ. ಆಕೆಯ ಆರೋಗ್ಯ ಹೇಗಿದೆ, ಈಗ ಎಲ್ಲಿದ್ದಾರೆ ಎಂದು ಕೇಳಿದರು.

ನಾನು ಪಕ್ಕದ ಕುರ್ಚಿ ತೋರಿಸಿದೆ. "ಇಲ್ಲೇ ಇದ್ದಾಳಲ್ಲ," ಎಂದೆ.

ಪೆನ್ಸಿಲ್ಲು ನಿಂತಿತು.

ಹಾಳೆಯ ಮೇಲೆ ಒಬ್ಬಳೇ ಹೆಂಗಸಿಗೆ ಎರಡು ವೃತ್ತಗಳಿದ್ದವು. ಹಯಾಷಿ ಸಾನ್ ನನ್ನನ್ನೂ ಪದ್ಮಿಯನ್ನೂ ಒಮ್ಮೆ ನೋಡಿ, ಮುಖದಲ್ಲಿ ಏನನ್ನೂ ತೋರಿಸದೆ, ರಬ್ಬರು ತೆಗೆದು ಒಂದನ್ನು ಅಳಿಸಿದರು. ನನ್ನ ಚೌಕಕ್ಕೂ ಪದ್ಮಿಯ ವೃತ್ತಕ್ಕೂ ನಡುವೆ ಇದ್ದ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ರಕ್ತಸಂಬಂಧದ ಮದುವೆಗೆ ಎರಡು ಗೆರೆಯಂತೆ. ಇಂಚರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ನನಗೆ ಕಿವಿ ಬಿಸಿಯಾಗಿತ್ತು. ಪದ್ಮಿ ಕತ್ತೆತ್ತಲಿಲ್ಲ.

ಈ ಎರಡು ಗೆರೆ ಅವಳ ಕಾಯಿಲೆಗೆ ಕಾರಣವೇ ಎಂದು ನೇರವಾಗಿ ಕೇಳಿದೆ. ಹಯಾಷಿ ಸಾನ್ ಬಿಡಿಸಿ ಹೇಳಿದರು. ತಂದೆಯ ಕಡೆಯದೂ ತಾಯಿಯ ಕಡೆಯದೂ ವಂಶವಾಹಿಯ ಎರಡೂ ಪ್ರತಿ ಕೆಟ್ಟರೆ ಬರುವ ಕಾಯಿಲೆಗಳಲ್ಲಿ ಇಂಥ ಮದುವೆಗೆ ಲೆಕ್ಕವಿದೆ. ನಾವು ಹುಡುಕುತ್ತಿರುವುದು ಹಾಗಲ್ಲ, ಇದು ಒಂದೇ ಪ್ರತಿಯಲ್ಲಿ ಚೂರು ಇಲ್ಲದಿದ್ದರೂ ಆಗುತ್ತದೆ, ಮದುವೆಗೂ ಇದಕ್ಕೂ ನಂಟಿಲ್ಲ. ನಾನು ನಂಬಲಿಲ್ಲ. ಈ ದೇಶದವರು ಎದುರಿಗಿದ್ದವರ ಮನಸ್ಸು ನೋಯಿಸುವುದಿಲ್ಲ. ನನ್ನ ಮ್ಯಾನೇಜರ್ ನನ್ನ ಕೆಟ್ಟ ಪ್ರಸ್ತಾಪಗಳನ್ನು ಕೂಡ ಎಷ್ಟು ಚೆನ್ನಾಗಿ ಹೊಗಳಿ ಕಸಕ್ಕೆ ಹಾಕುತ್ತಾನೆಂದು ನನಗೆ ಗೊತ್ತು.

ಈ ದೇಶದ ರೈಲಿನಲ್ಲಿ ಜಗಳವಾಡಲು ಆಗುವುದಿಲ್ಲ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ. ಅರ್ಧ ಗಂಟೆ ನಾವು ಮೂವರೂ ಕಿಟಕಿ ನೋಡಿದೆವು. ನಿಲ್ದಾಣದಿಂದ ಮನೆಗೆ ನಡೆಯುವಾಗ ಮೊದಲು ಇಂಚರ ಮಾತಾಡಿದಳು. ಸೋದರಮಾವನನ್ನು ಮದುವೆಯಾಗುವುದು ಇಲ್ಲಿ ಕಾನೂನಿಗೇ ವಿರುದ್ಧ, ಗೊತ್ತಾ ಎಂದು ಇಂಗ್ಲಿಷಿನಲ್ಲಿ, ಹವಾಮಾನ ಹೇಳುವ ಹಾಗೆ ಹೇಳಿ ಮುಂದೆ ನಡೆದಳು. ಪದ್ಮಿ ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ನಿಂತುಬಿಟ್ಟಳು.

"ಇವಳ ಹಾರ್ಟ್ ಆಪರೇಷನ್ ಟೈಮಲ್ಲಿ ನೀನು ಇರ್ಲಿಲ್ಲ ಮಾಮ," ಎಂದಳು. ಮದುವೆಗೆ ಮೊದಲು ಕರೆಯುತ್ತಿದ್ದ ಹಾಗೆಯೇ ಅವಳು ನನ್ನನ್ನು ಈಗಲೂ ಕರೆಯುವುದು. "ಬೆಂಗಳೂರಲ್ಲಿ ಡಾಕ್ಟ್ರು ನನ್ನ ಕೇಳಿದ್ರು, ಸಂಬಂಧದಲ್ಲಿ ಮದುವೆನಾ ಅಂತ. ಹೌದು ಅಂದೆ. ಅವ್ರು ತಲೆ ಆಡಿಸಿ ಬರ್ಕೊಂಡ್ರು. ಅಷ್ಟೇ. ಆವಾಗ್ಲಿಂದ ನಾನು ಅದನ್ನ ಹೊತ್ಕೊಂಡು ತಿರುಗ್ತಿದೀನಿ. ಈಗ ನೀನು ಟೆಸ್ಟ್ ಮಾಡ್ಸಿ ಏನ್ ಮಾಡ್ತೀಯಾ? ನನ್ನ ವಾಪಸ್ ಕಳಿಸ್ತೀಯಾ? ಅಮ್ಮಂಗೆ ಏನಂತ ಹೇಳ್ತೀಯಾ?"

ಅವಳ ಅಮ್ಮ ಎಂದರೆ ನನ್ನ ಅಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನಮ್ಮ ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ನನ್ನ ಶರಟಿಗೆ ಗುಂಡಿ ಹಾಕುತ್ತಿದ್ದವಳು. ಪದ್ಮಿ ಹುಟ್ಟಿದಾಗ ಏಳು ವರ್ಷದ ನಾನೇ ತೊಟ್ಟಿಲು ತೂಗಿದ್ದು. ಇಬ್ಬರೂ ದೊಡ್ಡವರಾದ ಮೇಲೆ, ಮನೆಯ ಹುಡುಗ ಮನೆಯ ಹುಡುಗಿ, ಇಬ್ಬರೂ ನನ್ನ ಕಣ್ಣೆದುರಿಗೇ ಇರಲಿ ಎಂದು ಅಕ್ಕ ಹಟ ಹಿಡಿದು ಈ ಮದುವೆ ಮಾಡಿಸಿದಳು. ನಮಗೂ ಇಷ್ಟವಿತ್ತು. ಆಮೇಲೆ ನಾವಿಬ್ಬರೂ ಅವಳ ಕಣ್ಣೆದುರು ಇರಲಿಲ್ಲ ಎನ್ನುವುದು ಬೇರೆ ಮಾತು. ಆದರೂ ಅವಳ ಬದುಕಿನಲ್ಲಿ ಅವಳು ಅತ್ಯಂತ ಹೆಮ್ಮೆ ಪಡುವ ಕೆಲಸ ಅದೊಂದೇ.

ಪರೀಕ್ಷೆ ಬೇಕೋ ಬೇಡವೋ ಎಂದು ನಾವಿಬ್ಬರೂ ವಾರಗಟ್ಟಲೆ ಕಿತ್ತಾಡಿದೆವು. ಮುಂದಿನ ಭೇಟಿಯಲ್ಲಿ ಹಯಾಷಿ ಸಾನ್ ನಮ್ಮಿಬ್ಬರನ್ನೂ ಕೇಳಲೇ ಇಲ್ಲ. ಇಂಚರ ವಯಸ್ಕಳು, ಇದು ಅವಳ ರಕ್ತ, ಅವಳ ಮಾತು. ತಿಳಿಯಬೇಕು ಎಂದಳು ಇಂಚರ.

ಪರೀಕ್ಷೆಯ ಫಲಿತಾಂಶ ಬಂತು. ಚೂರು ಇರಲಿಲ್ಲ. ಇಪ್ಪತ್ತೆರಡನೆಯ ಜೋಡಿಯಲ್ಲಿ, ಅವರು ಅಂದುಕೊಂಡ ಜಾಗದಲ್ಲೇ.

ಅದೊಂದು ವಿಚಿತ್ರ ಸಮಾಧಾನ. ಮೂಗಿನ ದನಿ, ಕಿವಿ ಸೋರಿದ್ದು, ಲೆಕ್ಕ ಬರದಿದ್ದು, ಹೃದಯದ ರಂಧ್ರ, ಕಂಬದ ದನಿಗಳು, ಎಲ್ಲ ಒಂದೇ ದಾರಕ್ಕೆ ಸೇರಿದವು. ಲೆಕ್ಕ ಬರುವುದಿಲ್ಲ ಎಂದು ನಾನು ಅವಳನ್ನು ಎಷ್ಟು ರೇಗಿಸಿದ್ದೆ ಎಂದು ನೆನೆದು ಸಂಕಟವಾಯಿತು. ಡಾಕ್ಟರಮ್ಮ ಮಾತ್ರೆ ಬದಲಾಯಿಸಿ, ಕಡಿಮೆಯಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ಕ್ಯಾಲ್ಸಿಯಂ, ವಿಟಮಿನ್ ಡಿ ಸೇರಿದವು. ಆಮೇಲೆ ಫಿಟ್ಸ್ ಬಂದಿಲ್ಲ.

ಆದರೆ ಈಗ ಇನ್ನೊಂದು ಪ್ರಶ್ನೆ ಎದ್ದಿತು. ಈ ಚೂರು ಇಲ್ಲದಿರುವುದು ನನ್ನಿಂದ ಅಥವಾ ಪದ್ಮಿಯಿಂದ ಬಂದಿರಬಹುದು, ಎಷ್ಟೋ ಜನರಲ್ಲಿ ಇದು ಗೊತ್ತೇ ಆಗದ ಹಾಗೆ ಇರುತ್ತದೆ. ಬೇಕಿದ್ದರೆ ನಿಮ್ಮಿಬ್ಬರ ರಕ್ತವನ್ನೂ ನೋಡಬಹುದು ಎಂದರು. ಈ ಸಲ ಪದ್ಮಿಯೇ ಮೊದಲು ಅಂಗಿಯ ತೋಳು ಮಡಚಿ ಕೈ ಚಾಚಿದಳು. ಇಷ್ಟು ದೂರ ಬಂದ ಮೇಲೆ ಅರ್ಧಕ್ಕೆ ನಿಲ್ಲಲು ಅವಳಿಂದಲೂ ಆಗಲಿಲ್ಲ.

ಆ ಕಾಯುವ ವಾರಗಳನ್ನು ಹೇಗೆ ಕಳೆದೆನೋ. ಕಾರ್ಖಾನೆಯಲ್ಲಿ ಸರಿಯಿದ್ದ ಭಾಗಗಳನ್ನೇ ಮತ್ತೆ ಮತ್ತೆ ಅಳೆದೆ. ಮನೆಯ ಕಪಾಟುಗಳ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಒಂದರ ತಿರುಪೇ ಕಿತ್ತುಬಂತು. ಊಟಕ್ಕೆ ಕೂತವನು ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರುತ್ತಿದ್ದೆ. ನನ್ನಿಂದ ಬಂದಿದ್ದರೂ ಪದ್ಮಿಯಿಂದ ಬಂದಿದ್ದರೂ ಅದು ಒಂದೇ ಮನೆಗೆ ಹೋಗಿ ಮುಟ್ಟುತ್ತದೆ, ಅಕ್ಕನ ಹೆಮ್ಮೆಯ ಬುಡಕ್ಕೆ. ಪದ್ಮಿಗೆ ಬಂದಿದ್ದರೆ ಅವಳ ತಂದೆಯ ಕಡೆಯಿಂದ ಬಂದಿರಲಿ ಎಂದು ಕೂಡ ದೇವರಲ್ಲಿ ಬೇಡಿಕೊಂಡೆ. ನನ್ನ ಭಾವ ತುಮಕೂರಿನಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ. ಯಾರಿಗೂ ಕೇಡು ಬಯಸಿದವರಲ್ಲ. ಅಂಥವರ ತಲೆಗೆ ಕಟ್ಟಲು ನೋಡಿದೆನಲ್ಲ ಎಂದು ಮರುಕ್ಷಣವೇ ನಾಚಿಕೆ.

ಪದ್ಮಿ ತಡೆಯಲಾರದೆ ಎರಡು ಗೆರೆಯ ವಿಷಯವನ್ನು ಫೋನಿನಲ್ಲಿ ತನ್ನ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಅಂದಿನಿಂದ ಅಕ್ಕ ಫೋನಿಗೆ ಬರುವುದನ್ನೇ ನಿಲ್ಲಿಸಿದಳು. ಯಾವಾಗ ಮಾಡಿದರೂ ಭಾವನೇ ಎತ್ತುತ್ತಿದ್ದರು. ಸ್ನಾನಕ್ಕೆ ಹೋಗಿದ್ದಾಳೆ, ದೇವಸ್ಥಾನಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ ಪ್ರತಿ ಸಲವೂ ಕೆಮ್ಮುತ್ತಿದ್ದರು.

ಫಲಿತಾಂಶದ ದಿನ ಹಯಾಷಿ ಸಾನ್ ನಾವು ಕೂರುವ ಮೊದಲೇ ಹೇಳಿದರು. ನಿಮ್ಮಿಬ್ಬರಲ್ಲೂ ಇಲ್ಲ. ಇದು ಇಂಚರ ಸಾನ್ ಆಗುವಾಗಲೇ ಹೊಸದಾಗಿ ಆದದ್ದು. ಯಾರೂ ಮಾಡಿದ್ದಲ್ಲ, ಏನನ್ನೋ ತಿಂದು, ಬಿಟ್ಟು ಆದದ್ದಲ್ಲ. ಮದುವೆಯಿಂದ ಆದದ್ದೂ ಅಲ್ಲ.

ನಾನು ಜಪಾನಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಂಡೆ. ಆ ಪುಟ್ಟ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕೆ. ಪದ್ಮಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಭುಜ ಹಿಡಿದು ಅಲುಗಿಸಿದೆ, ನೋಡಿದೆಯಾ, ನೋಡಿದೆಯಾ ಎಂದೆ. ಇಬ್ಬರಿಗೂ ಬೇರೇನೂ ಕಾಣುತ್ತಿರಲಿಲ್ಲ.

ನಮ್ಮ ನಡುವೆ ಕೂತಿದ್ದ ಇಂಚರ ಕನ್ನಡದಲ್ಲಿ ಮಾತಾಡಿದಳು. ಕನ್ನಡದಲ್ಲಿ ಕೇಳಿದರೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುವ ಹುಡುಗಿ ಅವಳು.

"ಹಂಗಂದ್ರೆ ಇದು ನಿಮ್ದಲ್ಲ. ನನ್ನಿಂದಾನೇ ಶುರು."

ನನ್ನ ನಗು ಅಲ್ಲೇ ನಿಂತಿತು.

ಅವಳು ಏನು ಹೇಳಿದಳೆಂದು ಹಯಾಷಿ ಸಾನ್ ಕೇಳಿದರು. ಇಂಚರ ಜಪಾನಿಯಲ್ಲಿ ಹೇಳಿದಳು. ಅವರು ಅಲ್ಲ ಎನ್ನಲಿಲ್ಲ. ಹೌದು, ಹಾಗೆಯೇ ಎಂದರು. ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಉಳಿದ ಹೊತ್ತೆಲ್ಲ ಅವಳೊಬ್ಬಳ ಜೊತೆಯೇ ಮಾತಾಡಿದರು. ಮುಂದೆ ಅವಳಿಗೆ ಮಗುವಾದರೆ ಆ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೂ ಈ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಅದೆಲ್ಲ ಯೋಚಿಸಲು ಸಮಯವಿದೆ, ಯಾವಾಗ ಬೇಕಾದರೂ ಒಬ್ಬಳೇ ಬರಬಹುದು ಎಂದರು. ಇಂಚರ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ನಾವು ಖುಲಾಸೆಯಾಗಿ ಕುಣಿದ ಅದೇ ಮಾತಿನಲ್ಲಿ ಅವಳು ಒಂಟಿಯಾಗಿದ್ದಳು.

ಮನೆಗೆ ಬಂದು ಅವಳು ಕೋಣೆ ಸೇರಿದಳು. ನಾನು ತುಮಕೂರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಭಾವ ಕೆಮ್ಮುವ ಮೊದಲೇ, ಅಕ್ಕನನ್ನು ಕರೆಯಿರಿ, ಒಳ್ಳೆಯ ಸುದ್ದಿ ಎಂದೆ. ಅಕ್ಕ ಬಂದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ನಮ್ಮಿಬ್ಬರಲ್ಲೂ ಇಲ್ಲ, ನಿನ್ನ ಕಡೆಯದೂ ಅಲ್ಲ, ಭಾವನ ಕಡೆಯದೂ ಅಲ್ಲ, ಮದುವೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅವಳು ಅಳುತ್ತಾಳೆ, ಯಾವ ದೇವರಿಗೆ ಏನು ಹರಕೆ ಹೊತ್ತಿದ್ದೆ ಎಂದು ಹೇಳುತ್ತಾಳೆ ಎಂದು ಕಾದೆ.

ಅಲ್ಲಿ ಬೀದಿಯಲ್ಲಿ ಯಾರದೋ ಸ್ಕೂಟರು ಹೋಯಿತು.

"ಹಂಗಾದ್ರೆ ಮಗು ಒಬ್ಳ ತಲೆ ಮೇಲೇ ಬಂತೇನೋ," ಎಂದಳು ಅಕ್ಕ. ಆಮೇಲೆ, "ನನ್ನಿಂದ ಬಂದಿದ್ರೇ ಚೆನ್ನಾಗಿತ್ತು ಕಣೋ. ಬೈಯಕ್ಕಾದ್ರೂ ಅದಕ್ಕೆ ಒಬ್ರು ಸಿಗ್ತಿದ್ರು," ಎಂದಳು.

ಪದ್ಮಿ ನನ್ನನ್ನು ನೋಡಿದಳು. ಇಡೀ ಆಸ್ಪತ್ರೆ, ಇಷ್ಟು ತಿಂಗಳ ಓಡಾಟ, ನನ್ನೆಲ್ಲ ಯಾಕೆಗಳು, ಇವುಗಳಲ್ಲಿ ಎಲ್ಲೂ ನನಗೆ ಹೊಳೆಯದಿದ್ದ ಮಾತು. ಇಂಚರ ಯಾವಾಗ ಬಾಗಿಲಿಗೆ ಬಂದು ನಿಂತಿದ್ದಳೋ ನಾವು ನೋಡಿರಲಿಲ್ಲ. ಬಂದು ಫೋನ್ ತೆಗೆದುಕೊಂಡಳು.

"ಅಜ್ಜಿ," ಎಂದಳು. ಪದಗಳನ್ನು ಒಂದೊಂದಾಗಿ ಹುಡುಕಿಕೊಂಡಳು. "ನಾನು ನಿಂಗೇ ಬೈತೀನಿ. ಓಕೆನಾ?"

"ಬೈಯಮ್ಮ," ಎಂದಳು ಅಕ್ಕ. "ನಾನು ಎಲ್ಲೂ ಹೋಗಲ್ಲ."

ಈಗ ಹೇಗಿದ್ದಾಳೆ ಎಂದು ಕೇಳುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ವಾಸಿಯಾಗಿಲ್ಲ. ದನಿಗಳು ಪೂರ್ತಿ ಹೋಗಿಲ್ಲ, ಆದರೆ ಬಂದಾಗ ಅದು ದನಿ ಎಂದು ಅವಳಿಗೆ ಹೆಚ್ಚಿನ ಸಲ ಗೊತ್ತಾಗುತ್ತದೆ. ಆಸ್ಪತ್ರೆಯ ಡೇ ಕೇರ್ ವಿಭಾಗಕ್ಕೆ ವಾರದಲ್ಲಿ ಕೆಲವು ದಿನ ಹೋಗುತ್ತಾಳೆ. ಅಲ್ಲಿನ ಅಡುಗೆಮನೆಯಲ್ಲಿ ಬ್ರೆಡ್ಡು ಮಾಡಿ ಎಲ್ಲರಿಗೂ ಹಂಚಿದಳಂತೆ, ಮನೆಗೆ ಒಂದು ತುಂಡೂ ಬರಲಿಲ್ಲ. ಕಾಲೇಜಿಗೆ ಮರಳುವ ಮಾತನ್ನು ನಾವು ಎತ್ತುವುದಿಲ್ಲ, ಅವಳೇ ಎತ್ತಲಿ. ಹಯಾಷಿ ಸಾನ್ ಬಳಿಗೆ ಒಂದು ಸಲ ಒಬ್ಬಳೇ ಹೋಗಿದ್ದಳು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ, ಕೂತಿದ್ದೆ ಎನ್ನುವುದಕ್ಕಿಂತ ಏಳುತ್ತಾ ಕೂರುತ್ತಾ ಇದ್ದೆ. ಹೊರಗೆ ಬಂದು ಹಸಿವಾಗ್ತಿದೆ ಎಂದಳು, ಊಟಕ್ಕೆ ಹೋದೆವು. ಒಳಗೆ ಏನು ಮಾತಾಯಿತೆಂದು ನನಗೆ ಗೊತ್ತಿಲ್ಲ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದ ಆ ಡಾಕ್ಟರಮ್ಮನನ್ನು ಮಾತ್ರ ದಿನವೂ ನೆನೆಯುತ್ತೇನೆ. ಅವರು ನೋಡದಿದ್ದರೆ ನಾವು ಇನ್ನೂ ಆ ಹಳೆಯ ಮಾತ್ರೆಯ ಮೇಲೇ, ಇನ್ನೊಂದು ಫಿಟ್ಸಿಗೆ ಕಾಯುತ್ತಾ ಇರುತ್ತಿದ್ದೆವು.

ಭಾನುವಾರಗಳಂದು ಇಂಚರ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಅಜ್ಜಿಗೆ ಫೋನ್ ಮಾಡುತ್ತಾಳೆ. ಕಳೆದ ವಾರ ಬಾಗಿಲು ಸ್ವಲ್ಪ ತೆರೆದಿತ್ತು, ಸ್ಪೀಕರ್ ಹಾಕಿದ್ದಳು. ಬೈಗುಳ ಪೂರ್ತಿ ಜಪಾನಿಯಲ್ಲಿ. ಮೈ ದಪ್ಪ ಮಾಡುವ ಮಾತ್ರೆಯನ್ನು ಬೈದಳು, ಕೆಲಸಕ್ಕೆ ಸೇರಿ ತನ್ನನ್ನು ಮರೆತ ಗೆಳತಿಯರನ್ನು ಬೈದಳು, ಹುಟ್ಟಿದ್ದನ್ನು ಬೈದಳು, ನನ್ನ ಓಡಾಟವನ್ನು ಬೈದಳು. ದನಿ ಏರಿತು, ಒಡೆಯಿತು. ಅಕ್ಕನಿಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಆ ಕಡೆಯಿಂದ "ಹೂಂ... ಹೂಂ..." ಎಂದು ಕೇಳುತ್ತಲೇ ಇತ್ತು. ಕೊನೆಗೆ ಇಂಚರ ಸುಮ್ಮನಾದಳು.

"ಆಯ್ತಾ ಮಗಾ? ಇನ್ನೂ ಇದೆಯಾ?" ಎಂದು ಅಕ್ಕ ಕೇಳಿದಳು.

ಇಂಚರ ಮೂಗು ಒರೆಸಿಕೊಂಡು ಯೋಚಿಸಿದಳು. "ಇನ್ನೂ ಇದೆ," ಎಂದಳು.

ಆ ಕಡೆ ಅಕ್ಕ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.